ಮೊದಲು ಕತ್ತರಿಸಿ, ಆಮೇಲೆ ಗಟ್ಟಿ ಮಾಡಿ

ಟ್ರಕ್ಕಿನ ರೂಫ್ ಕೊಯ್ದು ತಗ್ಗಿಸಿದ್ರೆ ಹಳೇ ಕಿಟಕಿ ಗಾಜು ಕೂರಲ್ಲ. ಕತ್ತರಿಸಿದ್ರೆ ಆಯ್ತಲ್ಲ ಅಂತೀರಾ? ಉತ್ತರ ಹೇಳೋಕೆ ನಾನು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ನಿಂತಿದ್ದೀನಿ.

1133ರಲ್ಲಿ ಬೊಪ್ಪದೇವ ಕಟ್ಟಿಸಿದ ಪಾರ್ಶ್ವನಾಥ ಬಸದಿ ಇದು. ಕಂಬಗಳು ಕನ್ನಡಿ ಥರ ಹೊಳೀತವೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿ. ಅದಕ್ಕೇ ಶಿಲ್ಪಿಗಳು ಮೊದಲೇ ಕಡೆದರು.

ಗಾಜಿಗೂ ಅದೇ ಕ್ರಮ. 1874ರಲ್ಲಿ ಫ್ರಾನ್ಸಿನ ದ ಲಾ ಬಾಸ್ತಿ, ಕಾದ ಗಾಜನ್ನು ಎಣ್ಣೆಗೆ ಅದ್ದಿ ಗಟ್ಟಿ ಮಾಡೋ ವಿಧಾನಕ್ಕೆ ಪೇಟೆಂಟ್ ಪಡೆದ. ಈಗ 600 ಡಿಗ್ರಿ ದಾಟಿಸಿ ಕಾಯಿಸಿ, ಗಾಳಿ ಊದಿ ತಣಿಸ್ತಾರೆ. ಇಂಥ ಟಫನ್ಡ್ ಗಾಜನ್ನು ಆಮೇಲೆ ಕೊಯ್ದರೆ ಪೂರ್ತಿ ಪುಡಿಪುಡಿ.

ಹಾಗಾಗಿ ಹೊಸ ಕಿಟಕಿಯ ಅಳತೆಗೆ ಸಾದಾ ಗಾಜು ಕತ್ತರಿಸಿ, ನಂತರ ಟಫನ್ ಮಾಡಿಸಬೇಕು. ಸಾದಾ ಗಾಜನ್ನೇ ಕೂರಿಸಿದ್ರೆ? ಅಪಘಾತದಲ್ಲಿ ಒಂದೊಂದು ಚೂರೂ ಚಾಕು.