ಐವತ್ತಮೂರರಲ್ಲಿ ಆರು

1929ರ ಡಿಸೆಂಬರ್‌ನಲ್ಲಿ ಜರ್ಮನಿಯ ಥ್ಯೂರಿಂಗಿಯಾ ಪ್ರಾಂತ್ಯದಲ್ಲಿ ಚುನಾವಣೆ ನಡೆದಾಗ ನಾಜಿ ಪಕ್ಷ ಗೆದ್ದದ್ದು 53ರಲ್ಲಿ ಬರೀ 6 ಸ್ಥಾನ. ಮರು ತಿಂಗಳೇ ಆ ಪಕ್ಷದ ವಿಲ್ಹೆಲ್ಮ್ ಫ್ರಿಕ್ ಗೃಹ ಮತ್ತು ಶಿಕ್ಷಣ ಮಂತ್ರಿಯಾದ. 1923ರ ಮ್ಯೂನಿಕ್ ದಂಗೆಯಲ್ಲಿ ಶಿಕ್ಷೆಗೆ ಗುರಿಯಾದವನ ಕೈಗೆ ಪೊಲೀಸರನ್ನೂ ಶಾಲೆಗಳನ್ನೂ ಒಪ್ಪಿಸಿದವರು ಯಾರು? ಈ ಪ್ರಶ್ನೆಯ ಬೆನ್ನು ಹತ್ತಿ ಆ ಕಾಲದ ದಾಖಲೆಗಳಿಗೆ ಕೈಹಾಕಿದೆ.

ಮೊದಲ ಸುಳಿವು ಸಿಕ್ಕಿದ್ದು ಹಿಟ್ಲರ್ 1930ರ ಫೆಬ್ರುವರಿ 2ರಂದು ಬರೆದ ಪತ್ರದಲ್ಲಿ. ಅದು ಅಚ್ಚಾದದ್ದು 1966ರಲ್ಲಿ. ಗೃಹಖಾತೆ ಇದ್ದರೆ ಆಡಳಿತ, ಪೊಲೀಸು ಕೈಗೆ ಬರುತ್ತವೆ. ಶಿಕ್ಷಣ ಖಾತೆ ಇದ್ದರೆ ಶಾಲೆ, ರಂಗಭೂಮಿ. ಲೆಕ್ಕಾಚಾರವನ್ನು ಅವನೇ ಬಿಡಿಸಿಟ್ಟಿದ್ದಾನೆ. ಉದ್ಯಮಿಗಳ ಬೆಂಬಲವಿದ್ದ ಜರ್ಮನ್ ಜನತಾ ಪಕ್ಷ ಫ್ರಿಕ್‌ನನ್ನು ಒಪ್ಪಲಿಲ್ಲ. ಹಾಗಾದರೆ ಮರುಚುನಾವಣೆಯೇ ಆಗಲಿ ಎಂದು ಹಿಟ್ಲರ್ ಬೆದರಿಸಿದ, ಅವರು ಮಣಿದರು. ರೈತರ ಪಕ್ಷ, ವರ್ತಕರ ಪಕ್ಷ, ರಾಷ್ಟ್ರವಾದಿಗಳು ಆಗಲೇ ಜೊತೆಗಿದ್ದರು. ಎಡಪಂಥೀಯರು ಗದ್ದುಗೆಗೆ ಬರಬಾರದೆಂಬ ಹಟವೇ ಈ ಮೈತ್ರಿಯನ್ನು ಕಟ್ಟಿತ್ತು.

ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ್ದು 1930ರ ಏಪ್ರಿಲ್ 5ರ ಸುತ್ತೋಲೆ. ‘ನೀಗ್ರೋ ಸಂಸ್ಕೃತಿಯ ವಿರುದ್ಧ, ಜರ್ಮನ್ ಜನಪರಂಪರೆಗಾಗಿ’ ಎಂಬುದು ಅದರ ತಲೆಬರಹ. ಜಾಝ್ ಸಂಗೀತ, ತಾಳವಾದ್ಯ, ‘ನೀಗ್ರೋ ನೃತ್ಯ’ ಎಲ್ಲವೂ ಜನಾಂಗಕ್ಕೆ ಅಂಟಿದ ಕೊಳೆ ಎಂಬ ವಾದ. ಆದರೆ ಇದಕ್ಕಾಗಿ ಹೊಸ ಕಾನೂನನ್ನೇನೂ ಮಾಡಿರಲಿಲ್ಲ. ಹಳೆಯ ವ್ಯಾಪಾರ ಕಾಯ್ದೆಯ ಲೈಸೆನ್ಸ್ ನಿಯಮಗಳನ್ನೇ ಬಿಗಿಯಾಗಿ ಜಾರಿಮಾಡಿ ಎಂದು ಪೊಲೀಸರಿಗೆ ಅಪ್ಪಣೆ, ಅಷ್ಟೇ. ಶಾಸನಸಭೆಯಲ್ಲಿ ಚರ್ಚೆಯಿಲ್ಲ, ಮತದಾನವಿಲ್ಲ. ಲೈಸೆನ್ಸ್ ಕೊಡುವ ಗುಮಾಸ್ತನೇ ಯಾವ ವಾದ್ಯ ಮೊಳಗಬೇಕು, ಯಾವುದು ಮೊಳಗಬಾರದು ಎಂದು ನಿರ್ಧರಿಸುವ ಸ್ಥಿತಿ ಬಂತು. ಅದನ್ನು ಓದುತ್ತ ನನಗೆ ನಿಜಕ್ಕೂ ದಿಗಿಲಾಯಿತು.

ಉಳಿದದ್ದಕ್ಕೆ ತಡವಾಗಲಿಲ್ಲ. ಶಾಲೆಗಳಿಗೆ ಫ್ರಿಕ್ ಕಳಿಸಿದ ಐದು ಪ್ರಾರ್ಥನೆಗಳಲ್ಲಿ ಮೂರು ಸಂವಿಧಾನಬಾಹಿರ ಎಂದು ಜುಲೈನಲ್ಲಿ ಲೈಪ್ಜಿಗ್‌ನ ನ್ಯಾಯಾಲಯ ತೀರ್ಪಿತ್ತಿತು. ಅಕ್ಟೋಬರ್‌ನಲ್ಲಿ ವೈಮಾರ್‌ನ ಕಲಾಶಾಲೆಯ ಗೋಡೆಗಳ ಮೇಲೆ ಆಸ್ಕರ್ ಶ್ಲೆಮರ್ 1923ರಲ್ಲಿ ರಚಿಸಿದ್ದ ಚಿತ್ರಗಳನ್ನು ಅಳಿಸಿಹಾಕಲಾಯಿತು. ಅಪ್ಪಣೆ ಕೊಟ್ಟವನು ಫ್ರಿಕ್ ನೇಮಿಸಿದ್ದ ನಿರ್ದೇಶಕ ಪಾಲ್ ಶುಲ್ಟ್ಸೆ-ನೌಂಬುರ್ಗ್. ಅದರ ಬೆನ್ನಿಗೇ ಅರಮನೆ ಮ್ಯೂಸಿಯಮ್ಮಿನಿಂದ ಸುಮಾರು 70 ಕೃತಿಗಳು ಹೊರಬಿದ್ದವು. ಕ್ಲೇ, ಕಾಂಡಿನ್ಸ್ಕಿ, ಡಿಕ್ಸ್, ಬಾರ್ಲಾಖ್ ಹೀಗೆ ಹೆಸರು ಓದುತ್ತ ಹೋದರೆ ಒಂದು ತಲೆಮಾರಿನ ಜರ್ಮನ್ ಕಲೆಯೇ ಅಲ್ಲಿದೆ.

ಮಿತ್ರಪಕ್ಷಗಳು ಯಾವ ಹಂತದಲ್ಲಿ ಸಾಕೆಂದವು ಎಂಬುದೇ ನಾನು ಹುಡುಕುತ್ತಿದ್ದುದು. ಗೋಡೆ ಬೋಳಾದಾಗ ಜನತಾ ಪಕ್ಷ ಸರ್ಕಾರ ಬಿಡಲಿಲ್ಲ, ಮ್ಯೂಸಿಯಂ ಖಾಲಿಯಾದಾಗಲೂ ಬಿಡಲಿಲ್ಲ. ನಾಜಿಗಳು ಆ ಪಕ್ಷವನ್ನೇ ಬಹಿರಂಗವಾಗಿ ಬೈಯತೊಡಗಿದ ಮೇಲೆ, 1931ರ ಏಪ್ರಿಲ್ 1ರಂದು ಎಡಪಕ್ಷಗಳ ಜೊತೆ ಸೇರಿ ಅದು ಮತ ಹಾಕಿತು. ಫ್ರಿಕ್ ಅಧಿಕಾರ ಕಳೆದುಕೊಂಡ. ಆ ಮತಗಳ ಬಲ ಹದಿನಾಲ್ಕು ತಿಂಗಳೂ ಅದರ ಕೈಯಲ್ಲೇ ಇತ್ತು. 1933ರ ಜನವರಿ 30ರಂದು ಹಿಟ್ಲರ್ ಕೇಂದ್ರದಲ್ಲಿ ರಚಿಸಿದ ಸಂಪುಟದಲ್ಲೂ ಸಂಪ್ರದಾಯವಾದಿ ಮಂತ್ರಿಗಳೇ ಹೆಚ್ಚು ಮಂದಿ. ನಾಜಿಗಳಿಗೆ ದಕ್ಕಿದ ಕೆಲವೇ ಸ್ಥಾನಗಳಲ್ಲಿ ಗೃಹಖಾತೆ ಒಂದು. ಅದು ಹೋದದ್ದು ಫ್ರಿಕ್‌ಗೆ.