ಯುನಿಕ್ಸ್ ಮಾದರಿಯ ಶೆಲ್‌ನಲ್ಲಿ ಕಡತಕೋಶದ ಪಥ ದೊರೆಯದಿದ್ದಾಗ: ಅರ್ಜಿದಾರರಿಗೆ ಮಾಹಿತಿ

ಪಹಣಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಮುಂತಾದವುಗಳ ಸ್ಕ್ಯಾನ್ ಪ್ರತಿಗಳನ್ನು ಉಬುಂಟು ಅಥವಾ ಸಿ-ಡ್ಯಾಕ್ ರೂಪಿಸಿದ ಬಾಸ್‌ನಂತಹ ಲಿನಕ್ಸ್ ವ್ಯವಸ್ಥೆಯುಳ್ಳ ಗಣಕಯಂತ್ರದಲ್ಲಿ ಇರಿಸಿಕೊಂಡಿರುವ ಅರ್ಜಿದಾರರಿಗೆ, ಟರ್ಮಿನಲ್‌ನಲ್ಲಿ ಆದೇಶ ನೀಡಿದಾಗ "ಅಂತಹ ಕಡತ ಅಥವಾ ಕಡತಕೋಶ ಇಲ್ಲ" ಎಂಬ ಅರ್ಥದ ಇಂಗ್ಲಿಷ್ ಸಂದೇಶ ಬರುವುದುಂಟು. ಈ ಸಂದೇಶ ಬಂದ ಮಾತ್ರಕ್ಕೆ ದಾಖಲೆಗಳು ನಾಶವಾಗಿವೆಯೆಂದು ಭಾವಿಸತಕ್ಕದ್ದಲ್ಲ. ಬಹುತೇಕ ಸಂದರ್ಭಗಳಲ್ಲಿ ಕಡತಕೋಶವು ಇದ್ದಲ್ಲಿಯೇ ಇರುತ್ತದೆ. ಶೆಲ್‌ಗೆ ನೀಡಿದ ಪಥ ಮಾತ್ರ ತಪ್ಪಾಗಿರುತ್ತದೆ. ಆತುರದಿಂದ ಅದೇ ಹೆಸರಿನ ಹೊಸ ಕಡತಕೋಶವನ್ನು ರಚಿಸುವುದಾಗಲಿ, ಹಳೆಯದು ಕೆಟ್ಟಿದೆಯೆಂದು ಅಳಿಸುವುದಾಗಲಿ ನಿಜವಾದ ನಷ್ಟಕ್ಕೆ ಎಡೆಮಾಡಿಕೊಡುತ್ತದೆ.

ಪೂರ್ಣ ಪಥ ಮತ್ತು ಸಾಪೇಕ್ಷ ಪಥ

ಹರದನಹಳ್ಳಿಯು ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಗ್ರಾಮ. ಮಾಜಿ ಪ್ರಧಾನಮಂತ್ರಿ ಎಚ್. ಡಿ. ದೇವೇಗೌಡರ ಹೆಸರಿನ ಮೊದಲ ಅಕ್ಷರವು ಸೂಚಿಸುವುದು ಈ ಊರನ್ನೇ. ಇದೇ ಹೆಸರಿನ ಮತ್ತೊಂದು ಗ್ರಾಮ ಚಾಮರಾಜನಗರ ತಾಲ್ಲೂಕಿನಲ್ಲಿಯೂ ಇದೆ. 'ಭೂಮಿ' ತಂತ್ರಾಂಶದಲ್ಲಿ ಪಹಣಿ ನೋಡುವವರು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಮೇಲಿನಿಂದ ಕ್ರಮವಾಗಿ ಆಯ್ಕೆ ಮಾಡುವುದರಿಂದ ಅಲ್ಲಿ ಗೊಂದಲಕ್ಕೆ ಆಸ್ಪದವಿಲ್ಲ. ಶೆಲ್‌ನ ಪೂರ್ಣ ಪಥವೂ ಇದೇ ಬಗೆಯದು:

~/ದಾಖಲೆ/ಹಾಸನ/ಹೊಳೆನರಸೀಪುರ/ಹರದನಹಳ್ಳಿ

ಇಲ್ಲಿ ~ ಚಿಹ್ನೆಯು ಬಳಕೆದಾರರ ಮನೆ ಕಡತಕೋಶವನ್ನು ಸೂಚಿಸುತ್ತದೆ. ಪ್ರತಿ / ಗೆರೆಯೂ ಒಂದು ಹಂತ ಕೆಳಕ್ಕೆ ಇಳಿಸುತ್ತದೆ. ಬರಿದೇ 'ಹರದನಹಳ್ಳಿ' ಎಂದು ನೀಡಿದಲ್ಲಿ ಅದು ಸಾಪೇಕ್ಷ ಪಥ. ಆಗ ಶೆಲ್ ತಾನು ಆ ಕ್ಷಣದಲ್ಲಿ ನಿಂತಿರುವ ಕಡತಕೋಶದೊಳಗೆ ಮಾತ್ರ ಹುಡುಕುತ್ತದೆ. ಅರ್ಜಿದಾರರು ಚಾಮರಾಜನಗರದ ಕಡತಕೋಶದಲ್ಲಿದ್ದರೆ ಯಾವ ದೋಷ ಸಂದೇಶವೂ ಬಾರದೆ ಆ ಹರದನಹಳ್ಳಿಗೇ ಪ್ರವೇಶ ದೊರೆಯುತ್ತದೆ, ಮತ್ತು ಬೇರೆ ಜಿಲ್ಲೆಯ ಪಹಣಿ ಅರ್ಜಿಯೊಂದಿಗೆ ಲಗತ್ತಾಗುತ್ತದೆ. ದೋಷ ಸಂದೇಶ ಬರುವುದಕ್ಕಿಂತ ಇದು ಹೆಚ್ಚು ಅಪಾಯಕಾರಿ.

ಆದುದರಿಂದ ಮೊದಲು ಪಿ-ಡಬ್ಲ್ಯು-ಡಿ ಎಂಬ ಮೂರು ಇಂಗ್ಲಿಷ್ ಸಣ್ಣಕ್ಷರಗಳನ್ನು ಒತ್ತಿ ಎಂಟರ್ ನೀಡತಕ್ಕದ್ದು. (ಲೋಕೋಪಯೋಗಿ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ.) ಶೆಲ್ ತಾನಿರುವ ಸ್ಥಳದ ಪೂರ್ಣ ಪಥವನ್ನು ತೋರಿಸುತ್ತದೆ. ಸಿ-ಡಿ ಆದೇಶದ ಮುಂದೆ .. ನೀಡಿದರೆ ಒಂದು ಹಂತ ಮೇಲಕ್ಕೆ, ಏನನ್ನೂ ನೀಡದಿದ್ದರೆ ಮನೆ ಕಡತಕೋಶಕ್ಕೆ ಹಿಂದಿರುಗಬಹುದು.

ಹೆಸರಿನ ನಡುವಿನ ಖಾಲಿ ಜಾಗ

ಶೆಲ್ ಖಾಲಿ ಜಾಗವನ್ನು ಎರಡು ಪದಗಳ ನಡುವಿನ ಗಡಿಯೆಂದು ತಿಳಿಯುತ್ತದೆ. 'ಹರದನಹಳ್ಳಿ ಪಹಣಿ' ಎಂಬ ಒಂದೇ ಕಡತಕೋಶದ ಹೆಸರನ್ನು ಉದ್ಧರಣ ಚಿಹ್ನೆಗಳಿಲ್ಲದೆ ಬರೆದರೆ ಅದು ಎರಡು ಹೆಸರುಗಳಾಗುತ್ತದೆ. ಸಿ-ಡಿ ಆದೇಶದಲ್ಲಿ ಇದರಿಂದ ದೋಷ ಸಂದೇಶವಷ್ಟೇ ಬಂದೀತು. ಆದರೆ ಅಳಿಸುವ ಆರ್-ಎಂ ಆದೇಶವನ್ನು ಕಡತಕೋಶ ಸಮೇತ ಅಳಿಸುವ ಆಯ್ಕೆಯೊಂದಿಗೆ ಹೀಗೆ ನೀಡಿದಲ್ಲಿ, 'ಹರದನಹಳ್ಳಿ' ಮತ್ತು 'ಪಹಣಿ' ಎಂಬ ಬೇರೆ ಎರಡು ಕಡತಕೋಶಗಳಿದ್ದರೆ ಅವೆರಡೂ ಅಳಿದುಹೋಗುತ್ತವೆ. ಈ ಆದೇಶದಿಂದ ಅಳಿದುದು ಕಸದ ಬುಟ್ಟಿಯಲ್ಲಿ ದೊರೆಯುವುದಿಲ್ಲ. ಇಡೀ ಹೆಸರನ್ನು ಉದ್ಧರಣ ಚಿಹ್ನೆಗಳ ಒಳಗೆ ಬರೆಯುವುದು ಕ್ಷೇಮ. ಆದರೆ ~ ಚಿಹ್ನೆಯನ್ನು ಅವುಗಳ ಹೊರಗೇ ಇಡತಕ್ಕದ್ದು. ಒಳಗಿಟ್ಟರೆ ಶೆಲ್ ಅದನ್ನು ಮನೆಯೆಂದು ಗುರುತಿಸುವುದಿಲ್ಲ.

ಕನ್ನಡ ಹೆಸರುಗಳಲ್ಲಿ ಕಾಣದ ವ್ಯತ್ಯಾಸ

ಪಥ ಸರಿಯಿದ್ದು, ಹೆಸರೂ ಕಣ್ಣಿಗೆ ಸರಿಯಾಗಿಯೇ ಕಂಡರೂ ಕೆಲವೊಮ್ಮೆ ಕಡತಕೋಶ ದೊರೆಯುವುದಿಲ್ಲ. ಯುನಿಕೋಡ್‌ನಲ್ಲಿ 'ೊ' ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, 'ೆ' ಮತ್ತು 'ೂ' ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ದಾಖಲಿಸಬಹುದು. 'ೀ' ಚಿಹ್ನೆಯೂ ಹಾಗೆಯೇ: ಒಂದೇ ಸಂಕೇತ, ಅಥವಾ 'ಿ' ಮತ್ತು ದೀರ್ಘದ ಗುರುತು. ಪರದೆಯ ಮೇಲೆ ಎರಡೂ ಒಂದೇ ರೂಪ. ಆದರೆ ಲಿನಕ್ಸ್ ಸಾಮಾನ್ಯವಾಗಿ ಹೆಸರುಗಳನ್ನು ಬೈಟುಗಳಾಗಿಯೇ ಹೋಲಿಸುವುದರಿಂದ ಅದಕ್ಕೆ ಅವು ಬೇರೆ ಬೇರೆ ಹೆಸರುಗಳು.

ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಹರದನಹಳ್ಳಿ ಎಂಬ ಹೆಸರುಗಳಲ್ಲಿ ಇಂತಹ ಚಿಹ್ನೆಗಳಿಲ್ಲ. 'ಹೊಳೆನರಸೀಪುರ'ದಲ್ಲಿ ಮಾತ್ರ ಎರಡು ಕಡೆ ಇವೆ. ಒಂದೇ ಸಂಕೇತದ ರೂಪದಲ್ಲಿ ಈ ಹೆಸರು 33 ಬೈಟು. ಎರಡೂ ಚಿಹ್ನೆಗಳು ಬಿಡಿಸಿದ ರೂಪದಲ್ಲಿದ್ದರೆ 39 ಬೈಟು. 2017ಕ್ಕೆ ಹಿಂದಿನ ಮ್ಯಾಕ್ ಗಣಕಯಂತ್ರಗಳ ಕಡತ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿಯೇ ದಾಖಲಿಸುತ್ತಿದ್ದುದರಿಂದ, ಅಲ್ಲಿಂದ ನಕಲು ಮಾಡಿದ ಕಡತಕೋಶಗಳಲ್ಲಿ ಈ ತೊಡಕು ಕಾಣಬಹುದು. ಇನ್ನು 'ನರಸಿಪುರ' ಎಂದು ಹ್ರಸ್ವವಾಗಿ ಬರೆದುಕೊಂಡವರ ವಿಷಯ ಬೇರೆ. ಅದು ಕಣ್ಣಿಗೇ ಕಾಣುವ ವ್ಯತ್ಯಾಸ.

ಇಂತಹ ಸಂದರ್ಭದಲ್ಲಿ ಹೆಸರನ್ನು ಪೂರ್ತಿ ಬೆರಳಚ್ಚು ಮಾಡದೆ, 'ಹ' ಅಕ್ಷರವನ್ನು ಮಾತ್ರ ಒತ್ತಿ ಟ್ಯಾಬ್ ಕೀಲಿಯನ್ನು ಎರಡು ಬಾರಿ ಒತ್ತತಕ್ಕದ್ದು. 'ಹ'ದಿಂದ ಆರಂಭವಾಗುವ ಹೆಸರು ಒಂದೇ ಇದ್ದಲ್ಲಿ ಶೆಲ್ ಅದನ್ನು ಡಿಸ್ಕಿನಲ್ಲಿರುವಂತೆಯೇ ತುಂಬುತ್ತದೆ. ಹಲವು ಇದ್ದಲ್ಲಿ ಪಟ್ಟಿ ತೋರಿಸುತ್ತದೆ. ಹ*ಪುರ ಎಂದು ನೀಡಿದರೂ ನಡೆಯುತ್ತದೆ, ಹೊಂದುವ ಹೆಸರು ಒಂದೇ ಇದ್ದರೆ. ಪಟ್ಟಿಯಲ್ಲಿ 'ಹೊಳೆನರಸೀಪುರ' ಎರಡು ಬಾರಿ ಕಂಡುಬಂದಲ್ಲಿ ಅದು ಪರದೆಯ ದೋಷವಲ್ಲ. ನಿಜವಾಗಿಯೂ ಎರಡು ಕಡತಕೋಶಗಳಿದ್ದು, ದಾಖಲೆಗಳು ಎರಡರಲ್ಲಿಯೂ ಹಂಚಿಹೋಗಿರುವ ಸಾಧ್ಯತೆಯಿದೆ. ಎರಡನ್ನೂ ತೆರೆದು ನೋಡುವವರೆಗೆ ಯಾವುದನ್ನೂ ಅಳಿಸತಕ್ಕದ್ದಲ್ಲ. ಕಡತ ನಿರ್ವಾಹಕದಲ್ಲಿ ಮೌಸ್‌ನಿಂದ ಆರಿಸಿ ಒಂದಕ್ಕೆ ಬೇರೆ ಹೆಸರು ನೀಡುವುದು ಸುಲಭ ಮಾರ್ಗ.

ಇತರ ಸಂದೇಶಗಳು

ಅನುಮತಿ ಇಲ್ಲವೆಂಬ ಸಂದೇಶ ಬಂದಲ್ಲಿ ಪಥ ಸರಿಯಿದ್ದು, ಕಡತಕೋಶವು ಬೇರೆ ಬಳಕೆದಾರರದಾಗಿರುವ ಸಂಭವವಿದೆ. ಕಡತಕೋಶವಲ್ಲ ಎಂಬ ಸಂದೇಶ ಬಂದಲ್ಲಿ ಸಿ-ಡಿ ಆದೇಶಕ್ಕೆ ಕಡತವೊಂದರ ಹೆಸರನ್ನು ನೀಡಲಾಗಿರುತ್ತದೆ. ವಿಂಡೋಸ್‌ನಲ್ಲಿ ಬಳಸುವ \ ಗೆರೆಯು ಇಲ್ಲಿ ನಡೆಯುವುದಿಲ್ಲ. ಇಂಗ್ಲಿಷ್ ಹೆಸರುಗಳಲ್ಲಿ ದೊಡ್ಡಕ್ಷರ ಮತ್ತು ಸಣ್ಣಕ್ಷರ ಬೇರೆ ಬೇರೆಯೆಂದೇ ಪರಿಗಣಿತವಾಗುತ್ತವೆ. ಪೆನ್‌ಡ್ರೈವ್ ತೆಗೆದ ನಂತರ ಅದರೊಳಗಿನ ಪಥಗಳೂ ಇಲ್ಲವಾಗುತ್ತವೆ; ಮರಳಿ ಜೋಡಿಸಿ ನೋಡುವುದು.