ವಂಶಾವಳಿಯಲ್ಲಿಲ್ಲದ ಕೂಸು

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ನವಾಯತರು ತಮ್ಮ ಮೂಲವನ್ನು ಅರಬ್ ವರ್ತಕರಲ್ಲಿ ಗುರುತಿಸುತ್ತಾರೆ. ಶಾಬಂದ್ರಿ ಎಂಬ ಮನೆತನದ ಹೆಸರಿನಲ್ಲಿ ಬಂದರಿನ ಅಧಿಕಾರಿ ಶಾಹಬಂದರ್ ಇಂದಿಗೂ ಉಳಿದಿದ್ದಾನೆ. ಆದರೆ ವಂಶಾವಳಿಯ ಗೆರೆ ತಂದೆಯಿಂದ ಮಗನಿಗೆ ಸಾಗುವಂಥದು. ಎಳವೆಯಲ್ಲೇ ತೀರಿಕೊಂಡ ಕೂಸಿಗೆ ಅದರಲ್ಲಿ ಜಾಗವಿಲ್ಲ, ಹೆಣ್ಣುಕೂಸಿಗಂತೂ ಇಲ್ಲವೇ ಇಲ್ಲ.

ಹೊನ್ನಾವರವನ್ನು ಕಂಡು ಬರೆದ ಇಬ್ನ್ ಬತೂತನಿಗೂ ಈ ನೋವು ಗೊತ್ತಿತ್ತು. 1342ರ ಸುಮಾರಿಗೆ ಇಲ್ಲಿಗೆ ಬಂದ ಆತ ಸುಲ್ತಾನ್ ಜಮಾಲುದ್ದೀನನ ಊರಿನಲ್ಲಿ ಹೆಣ್ಣುಮಕ್ಕಳ 13, ಗಂಡುಮಕ್ಕಳ 23 ಮದ್ರಸಾಗಳನ್ನು ಎಣಿಸಿದ. ಸ್ತ್ರೀಯರೆಲ್ಲ ಕುರ್‌ಆನ್ ಕಂಠಪಾಠ ಮಾಡಿದ್ದರೆಂದು ಬೆರಗಾದ. ಅದಕ್ಕೂ ಮುಂಚೆ ದೆಹಲಿಯಲ್ಲಿ ವರ್ಷ ತುಂಬದ ಮಗಳನ್ನು ಮಣ್ಣು ಮಾಡಿದ್ದ. ದಮಾಸ್ಕಸ್‌ನಲ್ಲಿ ಬಿಟ್ಟುಬಂದ ಗರ್ಭಿಣಿ ಪತ್ನಿ ಗಂಡು ಹೆತ್ತಳೆಂಬ ಸುದ್ದಿ ಅವನಿಗೆ ಸಿಕ್ಕಿದ್ದೂ ಭಾರತದಲ್ಲಿದ್ದಾಗಲೇ. ಮಗುವಿನ ತಾಯಿಯ ತಂದೆಗೆ 40 ಚಿನ್ನದ ದೀನಾರ್ ಕಳಿಸಿದ. 1348ರಲ್ಲಿ ದಮಾಸ್ಕಸ್‌ಗೆ ಮರಳಿ, ಮಸೀದಿಗೆ ಹೋಗಿ ವಿಚಾರಿಸಿದಾಗ ಸಿಕ್ಕ ಉತ್ತರ: ಮಗ ತೀರಿಕೊಂಡು 12 ವರ್ಷಗಳಾದವು. ನೂರಾರು ಖಾಜಿಗಳ, ಅಮೀರರ ಹೆಸರು ನೆನಪಿಟ್ಟವನು ಈ ಮಗನ ಹೆಸರನ್ನು ಅಲ್ಲಿ ಹೇಳುವುದಿಲ್ಲ. ಆದರೂ ಅಜ್ಜನ ಊರು ಮೊರೊಕ್ಕೊದ ಮಿಕ್ನಾಸ ಎಂದು ಬರೆದಿದ್ದಾನೆ. ಆ ಕೂಸಿನ ಮೂಲಕ್ಕೆ ಅದೊಂದೇ ಎಳೆ, ಅದೂ ತಾಯಿಯ ಕಡೆಯದು.

ನಮ್ಮಲ್ಲೂ ಹುಡುಕಬೇಕಾದ್ದು ಅಲ್ಲಿಯೇ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ಕರಾವಳಿಯ ರೂಢಿ. ತಂದೆ ಭಟ್ಕಳದವರು, ತಾಯಿ ಕುಮಟಾದವರಾದರೆ ಕೂಸಿನ ಜನನವನ್ನಾಗಲಿ ಮರಣವನ್ನಾಗಲಿ ಭಟ್ಕಳದ ದಾಖಲೆಯಲ್ಲಿ ಎಷ್ಟು ತಡಕಿದರೂ ಸಿಗಲಿಕ್ಕಿಲ್ಲ. ಏಳನೆಯ ದಿನದ ಅಕೀಕಾಕ್ಕೆ ಮೊದಲೇ ಹೋದ ಕೂಸಾದರೆ ಹೆಸರೂ ಇರಲಿಕ್ಕಿಲ್ಲ. ಇಂಥವನ ಗಂಡು ಮಗು ಎಂದಷ್ಟೇ ಇರುತ್ತದೆ. ತೀರಿಕೊಂಡ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಟ್ಟ ಮನೆಗಳೂ ಉಂಟು. ಒಂದೇ ಹೆಸರಿಗೆ ಎರಡು ಜನನ ದಿನಾಂಕ ಕಂಡಾಕ್ಷಣ ತಪ್ಪೆಂದು ಒಂದನ್ನು ಹೊಡೆದುಹಾಕಬಾರದು, ಅದು ಅಣ್ಣನದಿರಬಹುದು.

ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದೆ ಹೋದರೆ ಆಡಳಿತವೇ ಬೇರೆಬೇರೆ. ಈ ಜಿಲ್ಲೆ 1862ರವರೆಗೆ ಮದರಾಸು ಪ್ರಾಂತ್ಯದಲ್ಲಿದ್ದು, ಆಮೇಲೆ 1956ರವರೆಗೆ ಮುಂಬಯಿಗೆ ಸೇರಿತ್ತು. ಖಬರಸ್ಥಾನದಲ್ಲಿ ಸಣ್ಣ ಗೋರಿಗಳಿಗೆ ಹೆಸರು ಕೆತ್ತಿಸಿದವರು ವಿರಳ. ಕಾಗದಕ್ಕಿಂತ ಮೊದಲು ಮನೆಯ ಹಿರಿಯ ಹೆಂಗಸರನ್ನು ಕೇಳಬೇಕು, ಅದೂ ತಾಯಿಯ ತವರಿನವರನ್ನು. ಎಷ್ಟು ಮಕ್ಕಳು ಎಂದರೆ ಬದುಕಿದವರನ್ನು ಎಣಿಸುತ್ತಾರೆ. ಎಷ್ಟು ಹೆರಿಗೆ ಎಂದು ಕೇಳಬೇಕು.